ಕೆರೆಯ ಮೇಲೆ ಹಬೆ, ಏರಿಯ ಮೇಲೆ ಚಳಿ

ಮಾಗಿಯ ಬೆಳಗಿನ ಜಾವ, ಐದೂವರೆ ಗಂಟೆ. ಹೊಸಕೋಟೆ ಪೇಟೆಯೊಳಗೆ ಧನುರ್ಮಾಸದ ಪೂಜೆಗೆ ಗಂಟೆ ಬಾರಿಸುತ್ತಿದ್ದಾರೆ. ಹೆದ್ದಾರಿಯ ಕಡೆ, ಬಿಸಿ ಬಿರಿಯಾನಿಗೆಂದು ಕತ್ತಲಲ್ಲೇ ಬೆಂಗಳೂರು ಬಿಟ್ಟು ಬಂದವರ ಕಾರುಗಳು ಸಾಲಾಗಿ ನಿಂತಿವೆ. ಎರಡನ್ನೂ ಹಿಂದೆ ಬಿಟ್ಟು ದೊಡ್ಡ ಕೆರೆಯ ಏರಿ ಹತ್ತಿದರೆ ಸದ್ದು ಒಂದೊಂದಾಗಿ ಆರಿಹೋಗುತ್ತದೆ. ಮುಂದೆ ಕೆರೆ ಕಾಣುವುದಿಲ್ಲ. ನೀರು ಇರಬೇಕಾದ ಜಾಗದಲ್ಲಿ ಅರಳೆ ಹಿಂಜಿ ಹರಡಿದ ಹಾಗೆ ಬೆಳ್ಳನೆಯ ರಾಶಿ. ಅದರೊಳಗಿಂದ ಮೇಲೆದ್ದ ಜಾಲಿ ಮರಗಳ ತಲೆ. ಎಲ್ಲೋ ಒಳಗೆ ಹರಿಗೋಲಿನ ಹುಟ್ಟು ನೀರಿಗೆ ಬೀಳುವ ಸದ್ದು, ನಾಮದ ಕೋಳಿಯೊಂದರ ಕೂಗು. ತಲೆಗೆ ಮಫ್ಲರ್ ಸುತ್ತಿಕೊಂಡ ಮೀನಿನವರೊಬ್ಬರು ಏರಿಯ ಕೆಳಗೆ ಪುಳ್ಳೆ ಒಟ್ಟಿ ಬೆಂಕಿ ಕಾಯಿಸುತ್ತಿದ್ದಾರೆ. ಕೆರೆ ಎಲ್ಲಿ ಎಂದರೆ ಅವರದು ಒಂದೇ ಮಾತು: ‘ಮಂಜು ಬಿದ್ದೈತೆ.’

ಮಂಜು ಬೀಳುತ್ತದೆ ಎಂದೇ ನಾವೆಲ್ಲ ಹೇಳುವುದು. ಆದರೆ ಅದು ಮಳೆಯ ಹಾಗೆ ಮೇಲಿನಿಂದ ಇಳಿದು ಬರುವುದಿಲ್ಲ. ನೆಲಕ್ಕೆ, ನೀರಿಗೆ ತಾಗಿಕೊಂಡೇ, ನಾವು ನಿಂತ ಜಾಗದಲ್ಲೇ ಹುಟ್ಟುತ್ತದೆ. ಹೇಗೆ ಹುಟ್ಟುತ್ತದೆ, ಕೆರೆಯನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ, ಅದರ ಹಿಂದೆ ಇನ್ನೇನೇನು ಬರುತ್ತದೆ ಎಂದು ತಿಳಿಯಬೇಕಾದರೆ ಈ ಕೆರೆಯ ಸುತ್ತ ಒಂದು ಬೆಳಗು ನಡೆಯಬೇಕು.

ಒಂದೇ ಮಾತು, ಎರಡು ಚಳಿ

ಕನ್ನಡದಲ್ಲಿ ಮಂಜು ಎಂಬ ಮಾತಿಗೆ ಎರಡು ಕೆಲಸ. ಹೊಸಕೋಟೆ ಕೆರೆಯ ಮೇಲೆ ತೇಲುವುದೂ ಮಂಜು, ಹಿಮಾಲಯದ ಮೇಲೆ ಕೂರುವುದೂ ಮಂಜು. ಎಲೆಯ ಮೇಲೆ ಹನಿಗಟ್ಟಿದರೆ ಇಬ್ಬನಿ, ಗಟ್ಟಿಯಾದರೆ ಮಂಜುಗಡ್ಡೆ. ಕಾವಳ ಎಂಬ ಹಳೆಯ ಚೆಂದದ ಮಾತೂ ಇದೆ. ಈಗ ಅದನ್ನು ಬಳಸುವವರು ಕಡಿಮೆ. ಹಿಮವನ್ನೇ ಕಾಣದ ಬಯಲುಸೀಮೆಯಲ್ಲಿ ಒಂದೇ ಪದ ಎರಡಕ್ಕೂ ಸಾಕಾಯಿತು. ಹೀಗಾಗಿ ‘ಮಂಜು ಮುಸುಕಿದ ಕೆರೆ’ ಎಂದಾಗ ಕೆಲವರ ಕಣ್ಣಿಗೆ ಜಪಾನಿನ ಕ್ಯಾಲೆಂಡರ್ ಚಿತ್ರ ಬಂದರೆ ಅಚ್ಚರಿಯಿಲ್ಲ: ಬಿಳಿ ಹೊದ್ದ ದಡ, ಹೆಪ್ಪುಗಟ್ಟಿದ ನೀರು, ದಪ್ಪ ಕೋಟು ತೊಟ್ಟು ನಡೆಯುವ ಒಬ್ಬಂಟಿ.

ಅಂಥದ್ದೇ ಒಂದು ಸರೋವರ ಜಪಾನಿನ ನಾಗಾನೊ ಪ್ರಾಂತ್ಯದಲ್ಲಿದೆ. ಅದರ ಹೆಸರು ಸುವಾ. ಬೆಟ್ಟಗಳ ನಡುವೆ, ಸಮುದ್ರ ಮಟ್ಟದಿಂದ 759 ಮೀಟರ್ ಎತ್ತರದಲ್ಲಿದೆ. ಸುತ್ತು ಹಾಕಿದರೆ ಸುಮಾರು 16 ಕಿಲೋಮೀಟರ್. ನಮ್ಮ ಹೊಸಕೋಟೆ ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ದೊಡ್ಡ ಕೆರೆ ತುಂಬಿದಾಗ ಅದರ ಸುತ್ತಳತೆ 10 ಮೈಲಿ, ಅಂದರೆ ಹೆಚ್ಚುಕಡಿಮೆ ಅಷ್ಟೇ 16 ಕಿಲೋಮೀಟರ್ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಎತ್ತರದಲ್ಲಿ ನಾವೇ ಮೇಲು, ಸುತ್ತಳತೆಯಲ್ಲಿ ಸಮ. ಆದರೂ ಸುವಾ ಗಡ್ಡೆ ಕಟ್ಟುತ್ತದೆ, ನಮ್ಮದು ಕಟ್ಟುವುದಿಲ್ಲ. ಕಾರಣ ಇರುವುದು ಅಕ್ಷಾಂಶದಲ್ಲಿ. ಅದು ಭೂಮಧ್ಯರೇಖೆಯಿಂದ 36 ಡಿಗ್ರಿ ಉತ್ತರದಲ್ಲಿದೆ, ನಾವು 13 ಡಿಗ್ರಿಯಲ್ಲಿ. ಮಾಗಿಯಲ್ಲೂ ನಮ್ಮ ಮಧ್ಯಾಹ್ನದ ಸೂರ್ಯ ಸಾಕಷ್ಟು ಮೇಲಿರುತ್ತಾನೆ. ಹಗಲು 11 ಗಂಟೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ನೀರು ಗಡ್ಡೆ ಕಟ್ಟಲು ಅಲ್ಲಿಂದಲೂ ಬಹಳ ದೂರವಿದೆ.

ಒಲೆಯಿಲ್ಲದ ಹಬೆ

ಆರು ಗಂಟೆಯ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಆಗ ಒಂದು ವಿಷಯ ಗೊತ್ತಾಗುತ್ತದೆ: ಕೆರೆಯ ಮೇಲಿರುವ ಮಂಜು ಒಂದೇ ಬಗೆಯದಲ್ಲ. ದೂರದ ದಡದ ತೋಟಗಳ ಮೇಲಿನದು ಹಾಸಿದ ಪಂಚೆಯಂತೆ ಅಲುಗಾಡದೆ ಮಲಗಿದೆ. ನೀರಿನ ಮೇಲಿನದು ಎಳೆ ಎಳೆಯಾಗಿ ಎದ್ದು, ತಿರುಚಿ, ಆಳುದ್ದ ಏರಿ ಕರಗುತ್ತಿದೆ, ಹಂಡೆಯಲ್ಲಿ ಕಾದ ನೀರಿನ ಹಬೆಯ ಹಾಗೆ.

ಮೊದಲು ನೆಲದ ಮಂಜಿನ ಕತೆ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ತಡೆದು ಸ್ವಲ್ಪ ಶಾಖವನ್ನು ಹಿಂದಿರುಗಿಸುತ್ತದೆ. ಮಾಗಿಯಲ್ಲಿ ಆಕಾಶ ಬಟಾಬಯಲು, ಗಾಳಿ ಸ್ತಬ್ಧ, ರಾತ್ರಿ ಉದ್ದ. ನೆಲ ತಣ್ಣಗಾಗುತ್ತ ತನಗೆ ತಾಗಿದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ತಣ್ಣನೆಯ ಗಾಳಿಗೆ ತೇವವನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಒಂದು ಹಂತ ದಾಟಿದ ಮೇಲೆ ಆವಿ ಧೂಳು, ಹೊಗೆಯ ಕಣಗಳನ್ನು ಹಿಡಿದುಕೊಂಡು ಹನಿಯಾಗುತ್ತದೆ. ಹನಿಯೆಂದರೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ನಮ್ಮ ತಲೆಗೂದಲಿನ ದಪ್ಪದ ಐದನೇ ಒಂದು ಭಾಗ ಇದ್ದೀತು. ಇಂಥ ಕೋಟ್ಯಂತರ ಹನಿಗಳು ಬೆಳಕನ್ನು ಚದುರಿಸುವುದರಿಂದ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಒಂದು ಕಿಲೋಮೀಟರಿನಾಚೆಗೆ ಏನೂ ಕಾಣದಂತಾದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಮಂಜು. ಇಷ್ಟೆಲ್ಲ ಮಾಡಲು ಬೇಕಾಗುವ ನೀರಾದರೂ ಎಷ್ಟು? ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯೊಂದರ ತುಂಬ ಮಂಜು ತುಂಬಿಸಿ ಹಿಂಡಿದರೆ ಸಿಗುವುದು ಒಂದೆರಡು ಟೀ ಚಮಚ ನೀರು.

ಇನ್ನು ಕೆರೆಯ ಹಬೆ. ಒಣಮಣ್ಣಿಗೆ ಹೋಲಿಸಿದರೆ ಅಷ್ಟೇ ತೂಕದ ನೀರನ್ನು ಬಿಸಿ ಮಾಡಲು ಸುಮಾರು ಐದು ಪಟ್ಟು ಶಾಖ ಬೇಕು. ಕಾಯುವುದು ನಿಧಾನ, ಆರುವುದೂ ನಿಧಾನ. ಹಾಗಾಗಿ ಬೆಳಗಿನ ಜಾವಕ್ಕೆ ಏರಿಯ ಕಲ್ಲು ಕೊರೆಯುತ್ತಿರುವಾಗ ಕೆರೆಯ ನೀರು ಇನ್ನೂ ಉಗುರುಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಕೆರೆಗೆ ಇಳಿದವರು ಇದನ್ನು ಬಲ್ಲರು: ಮೈ ನೀರೊಳಗಿದ್ದಾಗ ಹಿತ, ಹೊರಗೆ ಬಂದಾಗಲೇ ಹಲ್ಲು ಕಡಿಯುವುದು. ಬೆಚ್ಚನೆಯ ನೀರಿನಿಂದ ಏಳುವ ಆವಿ ಮೇಲಿನ ತಣ್ಣನೆಯ ಗಾಳಿಗೆ ಸಿಕ್ಕಿ ಕೂಡಲೇ ಹನಿಯಾಗುತ್ತದೆ. ಬೆಳಗಿನಲ್ಲಿ ನಮ್ಮ ಬಾಯಿಂದ ಬರುವ ಹೊಗೆಯೂ ಇದೇ.

ಸುವಾದಂಥ ಕಡೆ ಇದೇ ಆಟ ಮುಂದುವರಿಯುತ್ತದೆ. ನೀರು ತಣಿಯುತ್ತ ತಣಿಯುತ್ತ ಭಾರವಾಗಿ ಕೆಳಗಿಳಿಯುತ್ತದೆ. 4 ಡಿಗ್ರಿಯಲ್ಲಿ ಅದರ ಭಾರ ಅತಿ ಹೆಚ್ಚು. ಅಲ್ಲಿಂದ ಮುಂದೆ ತಣಿದ ನೀರು ಹಗುರಾಗಿ ಮೇಲೇ ಉಳಿಯುತ್ತದೆ, ಮೇಲೇ ಗಡ್ಡೆ ಕಟ್ಟುತ್ತದೆ. ನೀರಿಗೆ ಈ ಗುಣ ಇಲ್ಲದಿದ್ದರೆ ಸರೋವರಗಳು ತಳದಿಂದ ಹೆಪ್ಪುಗಟ್ಟಿ ಮೀನೊಂದೂ ಉಳಿಯುತ್ತಿರಲಿಲ್ಲ.

ಮೊಣಕಾಲಿನ ಎತ್ತರದ ಚಳಿ

ಏರಿಯಿಂದಿಳಿದು ಕೆರೆಯಂಗಳದ ಬೋಳು ನೆಲದ ಮೇಲೆ ನಡೆದರೆ ಚಳಿ ಮೊದಲು ಹಿಡಿಯುವುದು ಕಾಲನ್ನು. ಇದಕ್ಕೊಂದು ಹಿನ್ನೆಲೆಯಿದೆ, ಅದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು.

ರಾತ್ರಿ ತಣಿಯುವುದು ನೆಲ. ಹಾಗಾಗಿ ಅತಿ ತಣ್ಣನೆಯ ಗಾಳಿ ನೆಲಕ್ಕೆ ತಾಗಿಯೇ ಇರಬೇಕು ಎಂದು ಎಲ್ಲರೂ ನಂಬಿದ್ದರು. 1932ರಲ್ಲಿ ವಿಜ್ಞಾನಿಗಳಾದ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಅಳತೆ ಮಾಡಿ ನೋಡಿ ಬೇರೆಯದನ್ನೇ ಹೇಳಿದರು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಅತಿ ಚಳಿಯ ಪದರ ನೆಲದಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲಿರುತ್ತದೆ, ಸುಮಾರು ಮೀನಖಂಡದಿಂದ ಮೊಣಕಾಲಿನ ಮಟ್ಟದಲ್ಲಿ. ಬಹಳ ಮಂದಿ ಇದನ್ನು ನಂಬಲಿಲ್ಲ. ಅಳತೆಯಲ್ಲೇ ತಪ್ಪಾಗಿರಬೇಕು ಎಂದರು. ದಶಕಗಳ ನಂತರ, 1993ರಲ್ಲಿ, ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಕುಳಿತು ಅದಕ್ಕೊಂದು ಸಿದ್ಧಾಂತ ಕೊಟ್ಟರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳೇ ಶಾಖವನ್ನು ಹೊರಸೂಸಿ ಆ ಪದರವನ್ನು ಹೆಚ್ಚು ತಣಿಸುತ್ತವೆ ಎಂದು ತೋರಿಸಿಕೊಟ್ಟರು. ಇವತ್ತು ಜಗತ್ತಿನ ಹವಾಮಾನ ಶಾಸ್ತ್ರದಲ್ಲಿ ಅದಕ್ಕೆ ರಾಮದಾಸ್ ಪದರ ಎಂದೇ ಹೆಸರು. ಮಂಜು ಎಲ್ಲಿ, ಎಷ್ಟು ಹೊತ್ತಿಗೆ ಹುಟ್ಟುತ್ತದೆ ಎಂದು ಹೇಳಲು ಈ ತಿಳಿವಳಿಕೆ ಬೇಕೇ ಬೇಕು. ಶಾಲೆಯ ಪುಸ್ತಕದಲ್ಲಿ ಈ ಕತೆ ಇರಬೇಕಿತ್ತು ಎಂದು ನನಗೆ ಪ್ರತಿ ಮಾಗಿಯಲ್ಲೂ ಅನಿಸುತ್ತದೆ.

ಕಟ್ಟಿದವರು, ತುಂಬಿಸಿದವರು

ಸುವಾವನ್ನು ಭೂಮಿ ತಾನೇ ಮಾಡಿಕೊಂಡಿತು. ಹೊಸಕೋಟೆಯ ಕೆರೆಯನ್ನು ಮನುಷ್ಯರು ಮಣ್ಣು ಹೊತ್ತು ಮಾಡಿದರು. ಸುಗಟೂರಿನ ಪಾಳೆಯಗಾರ ತಮ್ಮೇಗೌಡ 1595ರ ಆಸುಪಾಸಿನಲ್ಲಿ ಹೊಸ ಕೋಟೆ ಕಟ್ಟಿಸಿದ. ಊರಿಗೆ ಆ ಹೆಸರೇ ನಿಂತಿತು. ಕೆರೆಯೂ ಆ ಕಾಲದ್ದೇ. ಏರಿಯ ಉದ್ದ ಎರಡು ಮೈಲಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತವೆ. ಮೊದಲನೆಯದು ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟಕ್ಕೆ, ಎರಡನೆಯದು ದೇವನಹಳ್ಳಿ ಸೀಮೆಯಿಂದ ಹೊಸಕೋಟೆಗೆ ಇಳಿಯುತ್ತದೆ. ಕುಮುದ್ವತಿ ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಮಗಳು. ಮೂರೂ ಮಳೆಗಾಲದ ಹೊಳೆಗಳು. ಆದ್ದರಿಂದ ಹಿರಿಯರು ಓಡುವ ನೀರನ್ನು ಊರೂರಿಗೆ ನಿಲ್ಲಿಸಿದರು. ಒಂದು ಕೆರೆಯ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬಿಡಲು ನೀರುಗಂಟಿ, ಹೀಗೆ ಇದೊಂದು ಪೂರ್ಣ ಏರ್ಪಾಟು. ರಾಜ್ಯದಲ್ಲಿ ಇಂಥ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ.

ಕೊಳವೆಬಾವಿ ಬಂದ ಮೇಲೆ ಏರಿಯ ಕಡೆ ನೋಡುವವರು ಕಡಿಮೆಯಾದರು. ಕಾಲುವೆ ಮುಚ್ಚಿದವು, ಅಂಗಳದಲ್ಲಿ ಜಾಲಿ ಬೆಳೆಯಿತು. ದೊಡ್ಡ ಕೆರೆಯೂ ವರ್ಷಗಟ್ಟಲೆ ಒಣಗಿ ಮಲಗಿದ್ದನ್ನು ಹೊಸಕೋಟೆಯ ಜನ ನೋಡಿದ್ದಾರೆ. 2021 ಮತ್ತು 2022ರ ಭಾರಿ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಮತ್ತೆ ಕೋಡಿ ಬಿದ್ದವು. ಹಳ್ಳಿಗಳಲ್ಲಿ ಬಾಗಿನ ಅರ್ಪಿಸುವವರ ಸಡಗರ ನೋಡಬೇಕಿತ್ತು.

ಈಗಿನ ಚಿಂತೆ ನೀರಿಲ್ಲದ್ದಕ್ಕಿಂತ ನೀರಿನ ಗುಣದ್ದು. ದೊಡ್ಡಬಳ್ಳಾಪುರ ಪಟ್ಟಣದ ಕೊಳಚೆ, ಕೈಗಾರಿಕೆಗಳ ತ್ಯಾಜ್ಯ ಹರಿದು ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಕೆಟ್ಟವೆಂದು ಅಲ್ಲಿನ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದ ಅಂತರ್ಜಲ ಏರಿದ್ದು ನಿಜ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬ ರೈತರ ಬೇಡಿಕೆ ಅಷ್ಟೇ ನ್ಯಾಯವಾದದ್ದು. ಇದೇ ದಕ್ಷಿಣ ಪಿನಾಕಿನಿ ಮುಂದೆ ವರ್ತೂರಿನ ಕಡೆಯ ನೀರನ್ನೂ ಸೇರಿಸಿಕೊಂಡು ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬೀಳುವಾಗ ರಾಶಿ ರಾಶಿ ನೊರೆ ಏಳುತ್ತದೆ. ಫೋಟೊದಲ್ಲಿ ನೋಡಿದವರು ಹಿಮ ಬಿದ್ದಿದೆಯೇ ಎಂದು ಕೇಳುವಷ್ಟು ಬಿಳುಪು. ಮಂಜು ಸೂರ್ಯ ಬಂದರೆ ಕರಗುತ್ತದೆ; ಆ ಬಿಳುಪು ಕರಗುವುದಿಲ್ಲ.

ಗಡ್ಡೆ ಕಟ್ಟಿದ ನೀರಿನಿಂದ ಬಂದವರು

ಆರೂ ಮುಕ್ಕಾಲು. ಡಿಸೆಂಬರ್ 21–22ಕ್ಕೆ ಹಗಲು ಅತಿ ಚಿಕ್ಕದು ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಅದಾಗಿ ಸುಮಾರು ಒಂದು ತಿಂಗಳ ಮೇಲೆ, ಸಂಕ್ರಾಂತಿ ಕಳೆದ ದಿನಗಳಲ್ಲಿ. ಸೂರ್ಯ ಬಂದ ಕೂಡಲೇ ಮಂಜು ಚದುರುತ್ತದೆ ಎಂದುಕೊಂಡರೆ ಆಗುವುದು ತಿರುಗುಮುರುಗು. ಎಷ್ಟೋ ದಿನ ಮೊದಲ ಬಿಸಿಲಿಗೆ ಮಂಜು ಇನ್ನೂ ದಟ್ಟವಾಗುತ್ತದೆ. ಇಬ್ಬನಿ ಆವಿಯಾಗಿ ಗಾಳಿಗೆ ಸೇರುತ್ತದೆ, ಗಾಳಿ ಮೆಲ್ಲಗೆ ಅಲುಗಿ ಮಂಜನ್ನು ಮೇಲಕ್ಕೆ ಕಲಕುತ್ತದೆ. ಅದಾಗಿ ಅರ್ಧ ಮುಕ್ಕಾಲು ಗಂಟೆಗೆ ತೆರೆ ಏಳುತ್ತದೆ.

ತೆರೆ ಎದ್ದಾಗ ಕಾಣುವುದು ಹಕ್ಕಿಗಳ ಊರು. ದಡದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು, ಗದ್ದೆಗೊರವಗಳು. ಬಾಲ ಕುಣಿಸುವ ಸಿಪಿಲೆಗಳು. ಆಳ ಕಡಿಮೆಯಿರುವ ಕಡೆ ಬಣ್ಣದ ಕೊಕ್ಕರೆಗಳ ಸಾಲು, ನಡುನೀರಿನಲ್ಲಿ ದೋಣಿಗಳಂತೆ ಹೆಜ್ಜಾರ್ಲೆ, ಜಾಲಿಯ ಒಣಕೊಂಬೆಯ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ. ಗುಳುಮುಳಕ ಮುಳುಗಿ ಇನ್ನೆಲ್ಲೋ ಏಳುತ್ತದೆ. ಇವರಲ್ಲಿ ಹೆಚ್ಚಿನವರು ಇಲ್ಲಿಯವರೇ, ಇಲ್ಲವೆ ದಕ್ಷಿಣ ಭಾರತದ ಒಳಗೇ ಓಡಾಡುವವರು.

ದೂರದಲ್ಲಿ ಗುಂಪು ಗುಂಪಾಗಿ ಕೂತ ಬಾತುಗಳದು ಬೇರೆ ಕತೆ. ಸಲಿಕೆಯಂಥ ಕೊಕ್ಕಿನ ಬಾತು, ಸೂಜಿಬಾಲದ ಬಾತು, ಬಿಳಿ ಹುಬ್ಬಿನ ಪುಟ್ಟ ಬಾತು: ಇವು ಮೊಟ್ಟೆಯಿಟ್ಟು ಮರಿ ಮಾಡುವುದು ಉತ್ತರ ಏಷ್ಯಾ, ಯುರೋಪಿನ ಕೆರೆ ಜೌಗುಗಳಲ್ಲಿ. ಅಲ್ಲಿ ನೀರು ಗಡ್ಡೆ ಕಟ್ಟಿದರೆ ಬಾತಿಗೆ ಬಾಯಿ ಹಾಕಲು ಜಾಗವಿಲ್ಲ. ಕೊಕ್ಕಿನಲ್ಲಿ ನೀರು ಸೋಸಿ ತಿನ್ನುವ ಜೀವಕ್ಕೆ ಮಂಜುಗಡ್ಡೆಯೆಂದರೆ ಬಾಗಿಲು ಹಾಕಿದ ಅಡುಗೆಮನೆ. ಹಿಮ ಬೀಳುವ ಮೊದಲೇ ಅವು ಹೊರಟು, ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಬೆಚ್ಚನೆಯ ನೀರಿಗೆ ಇಳಿಯುತ್ತವೆ. ಟಿಬೆಟ್, ಮಂಗೋಲಿಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಾಣುವುದು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದ್ದಕ್ಕೆ ಈ ಅತಿಥಿಗಳೇ ದೊಡ್ಡ ಕಾರಣ.

ಹಿಮ ಬಿದ್ದ ಆ ಕೆರೆಗಳಿಗೂ ಮಂಜು ಮುಸುಕಿದ ನಮ್ಮ ಕೆರೆಗಳಿಗೂ ನಂಟು ಇದೇ. ಅಲ್ಲಿ ನೀರು ಮುಚ್ಚಿದಾಗ ಇಲ್ಲಿ ನೀರು ತೆರೆದಿರಬೇಕು. ಹೊಸಕೋಟೆಯಲ್ಲಿ ಒಂದು ಕೆರೆ ಕೆಟ್ಟರೆ ಸೈಬೀರಿಯಾದಲ್ಲಿ ಮುಂದಿನ ವರ್ಷ ಒಂದು ಗೂಡು ಖಾಲಿಯಾಗಬಹುದು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ನಡೆಯಲು ಹೋಗುವವರಿಗೆ ಒಂದು ಕೋರಿಕೆ: ಫೋಟೊಗಾಗಿ ಬಾತುಗಳನ್ನು ಎಬ್ಬಿಸಬೇಡಿ. ಬೆಳಗಿನ ಚಳಿಯಲ್ಲಿ ಒಂದು ಸಲ ಗಾಬರಿಯಿಂದ ಹಾರಿದರೆ, ತಿಂದು ಕೂಡಿಟ್ಟ ಶಕ್ತಿ ಅಷ್ಟು ಸೋರಿಹೋಗುತ್ತದೆ. ಮಾರ್ಚ್ ಹೊತ್ತಿಗೆ ಮರಳಿ ಹಾರಲು ಅವಕ್ಕೆ ಅದು ಬೇಕು.

ಸೊಗಡು ಕಟ್ಟುವ ಕಾಲ

ಕೆರೆಯ ಹಿಂದಿನ ಹೊಲಗಳಲ್ಲಿ ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಾಗಿದೆ. ಅಕ್ಕಡಿ ಸಾಲಿನ ಅವರೆ ಈಗ ಹೂ ಕಾಯಿ ತುಂಬಿ ನಿಂತಿದೆ. ಅವರೆ ಹೂ ಬಿಡುವುದು ಹಗಲಿನ ಉದ್ದವನ್ನು ನೋಡಿ. ಹಗಲು ಕುಗ್ಗುತ್ತ ಬಂದಾಗ ಮಾತ್ರ ನಾಟಿ ಅವರೆ ಹೂಬಿಡುತ್ತದೆ; ಅದಕ್ಕೇ ಅದು ಮಾಗಿಯ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಈ ಕಟ್ಟುಪಾಡಿಲ್ಲದ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ವರ್ಷವಿಡೀ ಕಾಯಿ ಸಿಗುತ್ತದೆ. ಆದರೂ ಸೊಗಡಿಗೆ ಜನ ಕಾಯುವುದು ಡಿಸೆಂಬರನ್ನೇ. ಸೊಗಡೆಂದರೆ ಸಿಪ್ಪೆಯ ಮೇಲಿನ ಜಿಡ್ಡಿನ ವಾಸನೆ, ಕಾಯಿ ಸುಲಿದ ಬೆರಳಿಗೆ ಅಂಟಿ ಸಂಜೆವರೆಗೂ ಹೋಗದು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂಬುದು ಈ ಸೀಮೆಯ ರೈತರ ಮಾತು.

ಇದೇ ಇಬ್ಬನಿ ದ್ರಾಕ್ಷಿ ತೋಟಕ್ಕೆ ಹಗೆ. ದೇವನಹಳ್ಳಿ, ದೊಡ್ಡಬಳ್ಳಾಪುರ ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಬೂಜು ತುಪ್ಪಟ ರೋಗ ಹಿಡಿಯುತ್ತದೆ, ಆಲೂಗಡ್ಡೆಗೆ ಅಂಗಮಾರಿ. ಮಂಜು ಕವಿದ ದಿನ ರೈತ ಔಷಧಿಯ ಲೆಕ್ಕ ಹಾಕುತ್ತಾನೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿಗೆ ಬೇಕಾದ 25 ಡಿಗ್ರಿ ಆಸುಪಾಸಿನ ಕಾವು ಉಳಿಸಲು ಕೆಂಡ ಇಲ್ಲವೆ ಹೀಟರ್ ಇಟ್ಟು ರಾತ್ರಿ ಎದ್ದೆದ್ದು ನೋಡುತ್ತಾರೆ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಎತ್ತಿನ ಮೈಗೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಬೆಂಕಿ ಹಾಕಿ ಮಲಗುವ ರೈತರನ್ನು ಕಂಡವರಿಗೆ ಮಾಗಿ ಚಳಿ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ರನ್‌ವೇಗೂ ಅದೇ ಮಂಜು

ದೇವನಹಳ್ಳಿಯ ಮಂಜು ದೇಶಕ್ಕೆಲ್ಲ ಸುದ್ದಿಯಾದದ್ದು 2008ರ ಮೇ 24ರಂದು ಅಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ. ಹಿಂಗಾರು ಮಳೆಗೆ ನೆನೆದ ನೆಲ, ಬಯಲು, ಸ್ತಬ್ಧ ರಾತ್ರಿ. ನವೆಂಬರಿನಿಂದ ಫೆಬ್ರುವರಿವರೆಗೆ ಬೆಳಗಿನ ಜಾವ ಎಷ್ಟೋ ದಿನ ರನ್‌ವೇ ಮುಚ್ಚಿಹೋಗುತ್ತಿತ್ತು. ವಿಮಾನಗಳು ಚೆನ್ನೈಗೋ ಹೈದರಾಬಾದಿಗೋ ತಿರುಗುತ್ತಿದ್ದವು. ಇಳಿಯಲು ಕನಿಷ್ಠ 550 ಮೀಟರ್ ಕಾಣಬೇಕಿತ್ತು. 2020ರ ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ರನ್‌ವೇಗೆ ಹೊಸ ಮಾರ್ಗದರ್ಶಿ ವ್ಯವಸ್ಥೆ ಬಂದ ಮೇಲೆ 50 ಮೀಟರ್ ಕಂಡರೂ ಇಳಿಯಬಹುದು, 125 ಮೀಟರ್ ಕಂಡರೆ ಏರಬಹುದು. ದಕ್ಷಿಣ ಭಾರತದಲ್ಲಿ ಅದು ಮೊದಲನೆಯದು. ಜಕ್ಕೂರಿನ ವಿಜ್ಞಾನಿಗಳು ನಿಲ್ದಾಣದ ಆವರಣದಲ್ಲೇ ಉಪಕರಣ ನೆಟ್ಟು ಮಂಜಿನ ಮುನ್ಸೂಚನೆಯ ಅಧ್ಯಯನ ನಡೆಸಿದ್ದಾರೆ.

ರಸ್ತೆಗೆ ಇಂಥ ವ್ಯವಸ್ಥೆಯಿಲ್ಲ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಆ ಬೆಳಕನ್ನು ಹನಿಗಳು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ, ಎದುರು ಬಿಳಿ ಗೋಡೆ ಎದ್ದಂತಾಗುತ್ತದೆ. ಲೋಬೀಮ್ ಹಾಕಿ ನಿಧಾನ ಹೋಗುವುದೊಂದೇ ದಾರಿ.

ಸುವಾದಲ್ಲಿ ಬರೆದಿಟ್ಟದ್ದು

ಸುವಾ ಸರೋವರ ಪೂರ್ತಿ ಗಡ್ಡೆ ಕಟ್ಟಿದಾಗ ರಾತ್ರಿ ಚಳಿಗೆ ಆ ಹಾಸು ಕುಗ್ಗಿ ಸೀಳುತ್ತದೆ. ಸೀಳಿನಲ್ಲಿ ನೀರು ಏರಿ ಅದೂ ಹೆಪ್ಪಾಗುತ್ತದೆ. ಹಗಲು ಹಾಸು ಹಿಗ್ಗಿದಾಗ ಜಾಗ ಸಾಲದೆ, ದೊಡ್ಡ ಸದ್ದಿನೊಂದಿಗೆ ಮಂಜುಗಡ್ಡೆಯ ಏಣು ದಡದಿಂದ ದಡಕ್ಕೆ ಏಳುತ್ತದೆ. ಆಚೆ ದಡದ ದೇವಿಯನ್ನು ನೋಡಲು ದೇವರು ನಡೆದು ಹೋದ ದಾರಿ ಅದು ಎಂದು ಜನರ ನಂಬಿಕೆ; ಅದಕ್ಕೆ ‘ಒಮಿವತಾರಿ’ ಎನ್ನುತ್ತಾರೆ. ಅಲ್ಲಿನ ಪೂಜಾರಿಗಳು 1443ರಿಂದ ಇದನ್ನು ಬರೆದಿಡುತ್ತ ಬಂದಿದ್ದಾರೆ: ಯಾವ ದಿನ ಗಡ್ಡೆ ಕಟ್ಟಿತು, ಯಾವ ದಿನ ಏಣು ಎದ್ದಿತು. ಇಂದಿಗೂ ಜನವರಿಯಲ್ಲಿ ಯತ್ಸುರುಗಿ ಗುಡಿಯ ಪೂಜಾರಿ ಊರವರ ಜೊತೆ ಬೆಳಗಾಗುವ ಮೊದಲೇ ದಡಕ್ಕೆ ಬಂದು ಉಷ್ಣಾಂಶ ಅಳೆಯುತ್ತಾರೆ. 2016ರಲ್ಲಿ ವಿಜ್ಞಾನಿಗಳು ಈ ದಾಖಲೆಯನ್ನು ಫಿನ್ಲೆಂಡಿನ ಟೊರ್ನೆ ನದಿಯ 1693ರಿಂದೀಚಿನ ದಾಖಲೆಯ ಜೊತೆಗಿಟ್ಟು, ಚಳಿಗಾಲ ಹೇಗೆ ಸಡಿಲವಾಗುತ್ತಿದೆ ಎಂದು ತೋರಿಸಿದರು. 2018ರ ಒಮಿವತಾರಿಯ ನಂತರ ಸುವಾದಲ್ಲಿ ಚಳಿಗಾಲದ ಮೇಲೆ ಚಳಿಗಾಲ ಏಣು ಏಳದೆಯೇ ಕಳೆದಿವೆ.

ಬರೆಯದ ಜನ ನಾವೇನಲ್ಲ. ಕೆರೆ ಕಟ್ಟಿಸಿದ್ದನ್ನು, ತೂಬು ಇಟ್ಟದ್ದನ್ನು, ಕೆರೆಗೆ ಬಿಟ್ಟ ಮಾನ್ಯವನ್ನು ಕಲ್ಲಿನ ಮೇಲೆ ಕೊರೆದಿಟ್ಟವರು ನಮ್ಮ ಹಿರಿಯರು. ಇಂಥ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಸಂಪುಟಗಳಲ್ಲಿ ಕೂಡಿಹಾಕಿದರು. ಆದರೆ ಕೆರೆಯ ಋತುಮಾನವನ್ನು ಯಾರೂ ಬರೆಯಲಿಲ್ಲ. ಯಾವ ವರ್ಷ ಯಾವ ದಿನ ಕೋಡಿ ಬಿತ್ತು, ಮೊದಲ ಬಾತು ಯಾವಾಗ ಇಳಿಯಿತು, ಮಂಜು ಎಷ್ಟು ದಿನ ಇತ್ತು ಎಂದು ಕೇಳಿದರೆ ಊರ ಹಿರಿಯರ ನೆನಪೇ ಗತಿ. ‘ಆಗ ಹೀಗಿರಲಿಲ್ಲ, ಚಳಿ ಬಲೇ ಇತ್ತು’ ಎನ್ನುತ್ತಾರೆ. ನಿಜವೇ ಇರಬಹುದು. ಬರವಣಿಗೆಯಿಲ್ಲದೆ ಅದನ್ನು ಸಾಧಿಸುವುದು ಹೇಗೆ?

ಇದಕ್ಕೆ ದೊಡ್ಡ ಯಂತ್ರ ಬೇಡ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಸಾಮಾನ್ಯ ಜನರೇ ಎಣಿಸುವವರು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಪ್ರತಿ ಸರ್ಕಾರಿ ಶಾಲೆಯ ಹತ್ತಿರ ಒಂದು ಕೆರೆಯೋ ಕುಂಟೆಯೋ ಇದ್ದೇ ಇದೆ. ಮೇಷ್ಟ್ರು, ಮಕ್ಕಳು ಸೇರಿ ಒಂದು ನೋಟ್‌ಪುಸ್ತಕ ಇಟ್ಟರೆ ಸಾಕು. ಕೋಡಿ ಬಿದ್ದ ದಿನ, ಮಂಜು ಕಂಡ ಬೆಳಗು, ಬಾತು ಬಂದ ದಿನ, ಹೋದ ದಿನ, ಅವರೆ ಹೂ ಬಿಟ್ಟ ದಿನ. ಐದು ವರ್ಷಕ್ಕೆ ಅದು ಊರಿನ ಆಸ್ತಿ, ಐವತ್ತು ವರ್ಷಕ್ಕೆ ಜಗತ್ತಿನ ಆಸ್ತಿ. ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಈ ಮಾಗಿಯಲ್ಲೇ ಮೊದಲ ಪುಟ ಬರೆಯಬಹುದು.

ನೀವೂ ಬರೆಯಿರಿ. ನಿಮ್ಮೂರ ಏರಿ ಹತ್ತಿ, ತಾರೀಖು ಹಾಕಿ, ಕಂಡದ್ದನ್ನು ಎರಡು ಸಾಲು ಬರೆದು ಮಡಗಿ. ಹೊಸಕೋಟೆಯ ದೊಡ್ಡ ಕೆರೆಗೇ ಬರುವುದಾದರೆ ಆರೂವರೆಯ ಒಳಗೆ ಏರಿಯ ಮೇಲಿರಿ. ಒಂಬತ್ತರ ಹೊತ್ತಿಗೆ ಮಂಜು ಇರುವುದಿಲ್ಲ.